ಹಿಂದಿನ ಕಾಲದಲ್ಲಿ ಹುಚ್ಚು ಕಡಿಮೆಯಿತ್ತೆ?

ಕಳೆದ ಯುಗಾದಿ ಕೂಟದಲ್ಲಿ ಊಟಕ್ಕೆ ಸಾಲು ನಿಂತಿದ್ದಾಗ ನಡೆದ ಮಾತು ಇದು. ಚಿತ್ರಾನ್ನದ ಪಾತ್ರೆಯ ಹತ್ತಿರ ನಿಂತಿದ್ದ ಹಿರಿಯರೊಬ್ಬರು, "ಈಗಿನ ಹುಡುಗರಿಗೆ ಏನೇನೋ ಕಾಯಿಲೆ ಕಣ್ರೀ. ಡಿಪ್ರೆಶನ್ ಅಂತೆ, ಆಂಗ್ಸೈಟಿ ಅಂತೆ. ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿದ್ದವು?" ಎಂದರು. ಸುತ್ತಲಿದ್ದವರೆಲ್ಲ ಹೌದೆಂದರು. ಒಬ್ಬರು ತಪ್ಪನ್ನು ಫೋನಿನ ಮೇಲೆ ಹೊರಿಸಿದರು, ಇನ್ನೊಬ್ಬರು ಅವಿಭಕ್ತ ಕುಟುಂಬ ಒಡೆದದ್ದರ ಮೇಲೆ, ಮತ್ತೊಬ್ಬರು ಮ್ಯಾಸಚೂಸೆಟ್ಸಿನ ಚಳಿಗಾಲದ ಮೇಲೆ. ನಾನೂ ತಲೆಯಾಡಿಸಿದೆ. ಮನೆಗೆ ಬರುವಾಗ ಕಾರಿನಲ್ಲಿ ನನ್ನ ಹೆಂಡತಿ ಕೇಳಿದಳು: "ನೀವೂ ಹೌದು ಅಂದಿರಲ್ಲ, ಹಾಗಾದರೆ ನಿಮ್ಮ ಚಿಕ್ಕಜ್ಜ?"

ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕೇ ಈ ಲೇಖನ. ನಾನು ರಸಾಯನಶಾಸ್ತ್ರದವನು, ವೈದ್ಯನೂ ಅಲ್ಲ, ಇತಿಹಾಸಕಾರನೂ ಅಲ್ಲ. ಆದರೆ ಅಳತೆ ಎಂಬುದು ನನ್ನ ದಿನನಿತ್ಯದ ಕಸುಬು. "ಈ ಕೆರೆಯ ನೀರಿನಲ್ಲಿ ಹಿಂದೆ ಸೀಸ ಇರಲಿಲ್ಲ, ಈಗ ಇದೆ" ಎಂದು ಯಾರಾದರೂ ಹೇಳಿದರೆ ನಮ್ಮ ಪ್ರಯೋಗಶಾಲೆಯಲ್ಲಿ ಕೇಳುವ ಮೊದಲನೆಯ ಪ್ರಶ್ನೆ, "ಹಿಂದೆ ಅಳೆದಿದ್ದಿರಾ? ಯಾವ ಉಪಕರಣದಿಂದ?" ಎಂಬುದು. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. "ಹುಚ್ಚು" ಎಂಬ ಒರಟು ಮಾತನ್ನು ಇಲ್ಲಿ ಹಳೆಯ ದಾಖಲೆಗಳಲ್ಲಿ ಇರುವಂತೆಯೇ ಬಳಸಿದ್ದೇನೆ, ಓದುಗರು ಮನ್ನಿಸಬೇಕು.

ಮೊದಲು ಚಿಕ್ಕಜ್ಜನ ವಿಷಯ. ನಮ್ಮದು ತೀರ್ಥಹಳ್ಳಿ ಸೀಮೆಯ ಅಡಕೆ ತೋಟದ ಮನೆ. ಅಜ್ಜನ ತಮ್ಮ ಒಬ್ಬರು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಇರುತ್ತಿದ್ದರು. ಒಮ್ಮೊಮ್ಮೆ ಮೂರು ದಿನ ನಿದ್ದೆ ಮಾಡದೆ ಗಟ್ಟಿಯಾಗಿ ಮಾತಾಡುತ್ತಿದ್ದರು. ಆಮೇಲೆ ತಿಂಗಳುಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಅಜ್ಜಿ ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಬರುತ್ತಿದ್ದಳು. ನೆಂಟರು ಬಂದ ದಿನ ಕೋಣೆಗೆ ಹೊರಗಿನಿಂದ ಚಿಲಕ. ಮಕ್ಕಳಾದ ನಾವು ಕೇಳಿದರೆ "ಅವರಿಗೆ ಗಾಳಿ ಸೋಕಿದೆ, ಆ ಕಡೆ ಹೋಗಬೇಡಿ" ಎಂಬ ಉತ್ತರ. ನಾನು ಎಂಟನೆಯ ವರ್ಷದಲ್ಲಿದ್ದಾಗ ಅವರು ತೀರಿಕೊಂಡರು. ಆಸ್ಪತ್ರೆಯನ್ನು ಕಂಡವರಲ್ಲ, ಯಾವ ವೈದ್ಯರ ಪುಸ್ತಕದಲ್ಲೂ ಅವರ ಹೆಸರಿಲ್ಲ.

ಸರಕಾರದ ಲೆಕ್ಕದಲ್ಲಾದರೂ ಇದ್ದರೆ? ನಮ್ಮ ದೇಶದಲ್ಲಿ 1872ರಿಂದ 1931ರವರೆಗಿನ ಜನಗಣತಿಗಳಲ್ಲಿ ಹುಚ್ಚರು, ಕಿವುಡ-ಮೂಕರು, ಕುರುಡರು, ಕುಷ್ಠರೋಗಿಗಳು ಎಂದು ಬರೆದುಕೊಳ್ಳುವ ಪದ್ಧತಿಯಿತ್ತು. ಮನೆಯವರು ಮುಚ್ಚಿಡುತ್ತಾರೆ, ಅಂಕಿ ನಂಬಲರ್ಹವಲ್ಲ ಎಂದು ಗಣತಿಯ ಅಧಿಕಾರಿಗಳೇ ತಮ್ಮ ವರದಿಗಳಲ್ಲಿ ಒಪ್ಪಿಕೊಂಡಿದ್ದರು. ಆಮೇಲೆ ಆ ಕಲಮನ್ನೇ ಕೈಬಿಟ್ಟರು. 2001ರ ಗಣತಿಯಲ್ಲಿ ಮಾನಸಿಕ ಅಸಾಮರ್ಥ್ಯದ ಬಗ್ಗೆ ಮತ್ತೆ ಕೇಳುವ ಹೊತ್ತಿಗೆ ನಮ್ಮ ಚಿಕ್ಕಜ್ಜ ಇರಲಿಲ್ಲ. ಅಂದರೆ ಲೆಕ್ಕದ ಪ್ರಕಾರ ನಮ್ಮ ಊರಿನಲ್ಲಿ ಅಂಥ ಕಾಯಿಲೆಯೇ ಇರಲಿಲ್ಲ!

ಲೆಕ್ಕ ಇಟ್ಟವರ ಕಥೆ ಹೇಗಿದೆ ನೋಡೋಣ ಎಂದು ಹುಡುಕಿದಾಗ ತಿಳಿದದ್ದು, ಈ ವಿಷಯದಲ್ಲಿ ಬಹು ಹಳೆಯ ಲೆಕ್ಕ ಸಿಗುವ ಜಾಗಗಳಲ್ಲಿ ಒಂದು ನಾವು ವಾಸವಾಗಿರುವ ಮ್ಯಾಸಚೂಸೆಟ್ಸೇ ಎಂಬುದು. ವುಸ್ಟರ್ ಪಟ್ಟಣದಲ್ಲಿ ಸರಕಾರಿ ಹುಚ್ಚಾಸ್ಪತ್ರೆ ತೆರೆದದ್ದು 1833ರಲ್ಲಿ. ಆ ಪಟ್ಟಣದ ಮೇಲೆ ಹಾದು ಹೋಗುವ ನಮ್ಮ ಸದಸ್ಯರು ಎಷ್ಟೋ ಜನ. ಈ ಕಥೆ ಗೊತ್ತಿರುವವರು ಕಡಿಮೆ.

1840ರ ಅಮೆರಿಕದ ಜನಗಣತಿಯಲ್ಲಿ ಮೊದಲ ಬಾರಿಗೆ ಹುಚ್ಚರನ್ನೂ ಬುದ್ಧಿಮಾಂದ್ಯರನ್ನೂ ಎಣಿಸಿದರು. ಫಲಿತಾಂಶ ಬಂದಾಗ ಎಲ್ಲರೂ ಬೆರಗಾದರು. ಗುಲಾಮಗಿರಿ ಇಲ್ಲದ ಉತ್ತರದ ಮೇನ್ ರಾಜ್ಯದಲ್ಲಿ 14 ಮಂದಿ ಕಪ್ಪು ಜನರಿಗೆ ಒಬ್ಬ ಬುದ್ಧಿ ಕೆಟ್ಟವನು. ಗುಲಾಮಗಿರಿ ಇದ್ದ ದಕ್ಷಿಣದ ಲೂಸಿಯಾನದಲ್ಲಿ 4,310 ಮಂದಿಗೆ ಒಬ್ಬ! ಗುಲಾಮರ ಒಡೆಯರಿಗೆ ಇದಕ್ಕಿಂತ ಬೇಕಾದ್ದೇನು? ಸ್ವಾತಂತ್ರ್ಯ ಕೊಟ್ಟರೆ ಇವರ ತಲೆ ಕೆಡುತ್ತದೆ, ಗುಲಾಮಗಿರಿಯೇ ಇವರಿಗೆ ರಕ್ಷೆ ಎಂದು ವಾದ ಹೂಡಿದರು. 1844ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜಾನ್ ಕ್ಯಾಲ್ಹೂನ್ ಇದೇ ಅಂಕಿಗಳನ್ನು ಬ್ರಿಟಿಷ್ ರಾಯಭಾರಿಗೆ ಬರೆದ ಪತ್ರದಲ್ಲಿ ಸಾಕ್ಷಿಯಾಗಿ ಕೊಟ್ಟ.

ಇದನ್ನು ಬಯಲಿಗೆಳೆದವನು ಎಡ್ವರ್ಡ್ ಜಾರ್ವಿಸ್ ಎಂಬ ಮ್ಯಾಸಚೂಸೆಟ್ಸಿನ ವೈದ್ಯ. ತಮಾಷೆಯೆಂದರೆ ಮೊದಲು ಅವನೂ ನಮ್ಮಂತೆ ತಲೆಯಾಡಿಸಿದವನೇ. 1842ರಲ್ಲಿ ಆ ಅಂಕಿಗಳನ್ನು ನಂಬಿ ಒಂದು ಲೇಖನ ಬರೆದ. ಆಮೇಲೆ ಊರೂರಿನ ಪಟ್ಟಿಯನ್ನು ಬಿಡಿಬಿಡಿಯಾಗಿ ನೋಡಿದ. ಕಪ್ಪು ಜನ ಒಬ್ಬರೂ ಇಲ್ಲದ ಊರುಗಳಲ್ಲಿ ಕಪ್ಪು ಹುಚ್ಚರನ್ನು ಎಣಿಸಿದ್ದರು! ವುಸ್ಟರ್ ಪಟ್ಟಣದಲ್ಲಿ 133 ಮಂದಿ ಕಪ್ಪು ಹುಚ್ಚರು ಎಂದು ಬರೆದಿತ್ತು. ವಾಸ್ತವದಲ್ಲಿ ಅವರು ಸರಕಾರಿ ಆಸ್ಪತ್ರೆಯಲ್ಲಿದ್ದ ಬಿಳಿಯ ರೋಗಿಗಳು. ಒತ್ತೊತ್ತಾಗಿ ಕಲಮುಗಳಿದ್ದ ದೊಡ್ಡ ಹಾಳೆಯಲ್ಲಿ ಒಂದು ಕಡೆ ಬರೆಯಬೇಕಾದ್ದು ಇನ್ನೊಂದು ಕಡೆ ಬಿದ್ದಿತ್ತು. ಜಾರ್ವಿಸ್ ಅದೇ ವರ್ಷ ತನ್ನ ಮಾತನ್ನು ಹಿಂತೆಗೆದುಕೊಂಡ. 1844ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ ತಿದ್ದುಪಡಿ ಕೋರಿ ಕಾಂಗ್ರೆಸ್ಸಿಗೆ ಮನವಿ ಕೊಟ್ಟಿತು. ಆದರೆ ಅಧಿಕೃತ ಅಂಕಿಗಳನ್ನು ತಿದ್ದಲೇ ಇಲ್ಲ. ಯಾರಿಗೆ ಹುಚ್ಚು ಹೆಚ್ಚು ಎಂಬ ಲೆಕ್ಕದ ಹಿಂದೆ ಯಾರ ಹಿತ ಅಡಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಡ.

ಇದೇ ಜಾರ್ವಿಸನಿಗೆ 1854ರಲ್ಲಿ ಮ್ಯಾಸಚೂಸೆಟ್ಸ್ ಸರಕಾರ ರಾಜ್ಯದ ಹುಚ್ಚರನ್ನು ಎಣಿಸುವ ಕೆಲಸ ಒಪ್ಪಿಸಿತು. ಮನೆಯ ಬಾಗಿಲು ತಟ್ಟಿ ಕೇಳಿದರೆ ಯಾರೂ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಊರೂರಿನ ವೈದ್ಯರನ್ನು ಕೇಳಿದ. ವೈದ್ಯರಿಲ್ಲದ ಕಡೆ ಪಾದ್ರಿಗಳನ್ನೂ ಊರಿನ ಅಧಿಕಾರಿಗಳನ್ನೂ ಕೇಳಿದ. 1855ರ ಅವನ ವರದಿಯ ಪ್ರಕಾರ ಸುಮಾರು 11 ಲಕ್ಷ ಜನರಿದ್ದ ರಾಜ್ಯದಲ್ಲಿ 2,632 ಮಂದಿ ಹುಚ್ಚರು. ಇವರಲ್ಲಿ ಆಸ್ಪತ್ರೆಗಳಲ್ಲಿ ಇದ್ದವರು 1,141. ಮನೆಯಲ್ಲೋ ಊರಿನ ಬಡವರ ಛತ್ರದಲ್ಲೋ ಇದ್ದವರು 1,284. ಉಳಿದ 207 ಮಂದಿ ಜೈಲು ಮುಂತಾದ ಕಡೆ. ಆ 1,284 ಎಂಬ ಅಂಕಿಯನ್ನು ಓದಿದಾಗ ನನಗೆ ನಮ್ಮ ಕೊಟ್ಟಿಗೆಯ ಪಕ್ಕದ ಕೋಣೆ ಕಣ್ಣ ಮುಂದೆ ಬಂತು. ಆಸ್ಪತ್ರೆಯ ಪುಸ್ತಕವನ್ನಷ್ಟೇ ನೋಡಿದ್ದರೆ ಅವರೆಲ್ಲ ಇಲ್ಲವೇ ಇಲ್ಲ.

ಜಾರ್ವಿಸ್ ಕಂಡುಕೊಂಡ ಇನ್ನೊಂದು ಸಂಗತಿಯನ್ನು ಇಂದಿಗೂ ಅವನ ಹೆಸರಿನಲ್ಲೇ ಕರೆಯುತ್ತಾರೆ. ಆಸ್ಪತ್ರೆಗೆ ಹತ್ತಿರವಿರುವ ಊರುಗಳಿಂದ ರೋಗಿಗಳು ಹೆಚ್ಚಾಗಿ ಬರುತ್ತಾರೆ, ದೂರವಾದಂತೆ ಕಡಿಮೆಯಾಗುತ್ತಾರೆ. ಹತ್ತಿರದವರಿಗೆ ಕಾಯಿಲೆ ಹೆಚ್ಚು ಎಂದಲ್ಲ. ಗಾಡಿ ಕಟ್ಟಿಕೊಂಡು ಹೋಗುವುದು ಸುಲಭ, ಅಷ್ಟೆ. ಟಾಂಟನ್ನಿನಲ್ಲಿ 1854ರಲ್ಲಿ, ನಾರ್ತ್ಯಾಂಪ್ಟನ್ನಿನಲ್ಲಿ 1858ರಲ್ಲಿ, ಡ್ಯಾನ್ವರ್ಸಿನಲ್ಲಿ 1878ರಲ್ಲಿ ಹೊಸ ಆಸ್ಪತ್ರೆಗಳು ಎದ್ದವು. ಎದ್ದವೆಲ್ಲ ತುಂಬಿದವು. ತುಂಬಿದ್ದನ್ನು ನೋಡಿದ ಜನ "ಅಯ್ಯೋ, ಹುಚ್ಚು ಹೆಚ್ಚುತ್ತಿದೆ" ಎಂದರು. ಇಡೀ ದೇಶದ ಗಣತಿಯಲ್ಲೂ ಹೀಗೆಯೇ. 1850ರಲ್ಲಿ ಸುಮಾರು 15,600 ಇದ್ದ ಹುಚ್ಚರು 1880ರಲ್ಲಿ ಸುಮಾರು 92,000. ಆ ಮೂವತ್ತು ವರ್ಷದಲ್ಲಿ ಜನಸಂಖ್ಯೆ ಎರಡು ಪಟ್ಟಿಗೆ ಸ್ವಲ್ಪ ಹೆಚ್ಚಾದರೆ ಹುಚ್ಚರು ಸುಮಾರು ಆರು ಪಟ್ಟು! ಕಾರಣ ಹುಡುಕಿದರೆ, 1880ರಲ್ಲಿ ಮನೆಮನೆಯ ಗಣತಿಯ ಜೊತೆಗೆ ದೇಶದ ವೈದ್ಯರಿಗೆಲ್ಲ ಪತ್ರ ಬರೆದು ಮಾಹಿತಿ ಕೇಳಿದ್ದರು. ಸೂಕ್ಷ್ಮವಾದ ಉಪಕರಣ ಬಂದಾಗ ಕೆರೆಯಲ್ಲಿ ಸೀಸ ಕಂಡಂತೆ.

ಹಾಗಾದರೆ ಎಲ್ಲವೂ ಬರೀ ಲೆಕ್ಕದ ಆಟವೆ? ಅಲ್ಲ. ಇಲ್ಲಿಂದ ಮುಂದೆ ವಿಷಯ ಸ್ವಲ್ಪ ಜಟಿಲ.

1953ರಲ್ಲಿ ಹರ್ಬರ್ಟ್ ಗೋಲ್ಡ್‌ಹ್ಯಾಮರ್ ಮತ್ತು ಆಂಡ್ರೂ ಮಾರ್ಷಲ್ ಎಂಬ ಇಬ್ಬರು ಮ್ಯಾಸಚೂಸೆಟ್ಸಿನ ನೂರು ವರ್ಷದ ಪುಸ್ತಕಗಳನ್ನು ತೆಗೆದು, ಮೊದಲ ಬಾರಿ ಆಸ್ಪತ್ರೆ ಸೇರಿದವರನ್ನು ವಯಸ್ಸಿನ ಪ್ರಕಾರ ಬೇರ್ಪಡಿಸಿ ನೋಡಿದರು. ಐವತ್ತರ ಒಳಗಿನವರಲ್ಲಿ ತೀವ್ರವಾದ ಮನೋರೋಗದಿಂದ ಆಸ್ಪತ್ರೆ ಸೇರುವ ಪ್ರಮಾಣ 1840-85ರ ಕಾಲದಲ್ಲಿ ಎಷ್ಟಿತ್ತೋ 1940ರ ಸುಮಾರಿಗೂ ಹೆಚ್ಚುಕಡಿಮೆ ಅಷ್ಟೇ ಇತ್ತು. ರೈಲು, ಕಾರ್ಖಾನೆ, ಎರಡು ಮಹಾಯುದ್ಧ ಎಲ್ಲ ಬಂದು ಹೋದರೂ ಅಷ್ಟೇ! ಹೆಚ್ಚಿದ್ದು ಮುದುಕರ ಸಂಖ್ಯೆ. ಅದಕ್ಕೆ ಒಂದು ಕಾರಣ ಜನ ಹೆಚ್ಚು ಕಾಲ ಬದುಕತೊಡಗಿದ್ದು. ಇನ್ನೊಂದು ಕಾರಣ ಶುದ್ಧ ಹಣಕಾಸಿನದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹುಚ್ಚರ ಖರ್ಚನ್ನು ರಾಜ್ಯ ಸರಕಾರ ವಹಿಸಿಕೊಂಡಾಗ, ಊರಿನವರು ತಮ್ಮ ಛತ್ರಗಳಲ್ಲಿದ್ದ ಬಡ ಮುದುಕರನ್ನು ಸರಕಾರಿ ಆಸ್ಪತ್ರೆಗಳಿಗೆ ಸಾಗಿಸಿದರು. ನಾವು "ಅರವತ್ತಕ್ಕೆ ಅರಳು ಮರಳು" ಎಂದು ನಕ್ಕು ಬಿಡುತ್ತಿದ್ದದ್ದು ಇಲ್ಲಿ ಕಾಯಿಲೆಯ ಪಟ್ಟಿಗೆ ಸೇರಿತು. ಆಸ್ಪತ್ರೆಗಳು ಉಬ್ಬುತ್ತ ಹೋಗಿ 1955ರಲ್ಲಿ ಅಮೆರಿಕದ ಸರಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5,59,000 ಮಂದಿ ಇದ್ದರು. ಇಂದು 50,000ಕ್ಕೂ ಕಡಿಮೆ. ಹುಚ್ಚು ಹತ್ತರಲ್ಲಿ ಒಂಬತ್ತು ಪಾಲು ಮಾಯವಾಯಿತು ಎಂದು ಯಾರೂ ಹೇಳುವುದಿಲ್ಲವಷ್ಟೆ. ಹೊಸ ಔಷಧಿ ಬಂತು, ಸರಕಾರದ ನೀತಿ ಬದಲಾಯಿತು. ರೋಗಿಗಳು ಮನೆಗೆ ಹೋದರು, ಕೆಲವರು ಬೀದಿಗೆ, ಕೆಲವರು ಜೈಲಿಗೆ.

ಹಿಂದೆ ಹೆಚ್ಚಾಗಿದ್ದು ಈಗ ಕಡಿಮೆಯಾದ ಹುಚ್ಚೂ ಉಂಟು. ಇದು ನನ್ನ ಶಾಸ್ತ್ರಕ್ಕೆ ಹತ್ತಿರವಾದದ್ದು, ಆದ್ದರಿಂದ ಸ್ವಲ್ಪ ಸಂತೋಷದಿಂದ ಬರೆಯುತ್ತೇನೆ. ನೂರು ವರ್ಷದ ಹಿಂದಿನ ಆಸ್ಪತ್ರೆಗಳಲ್ಲಿ ದೊಡ್ಡಸ್ತಿಕೆಯ ಭ್ರಮೆ, ನಡುಕ, ತೊದಲುವ ಮಾತು, ಕೆಲವೇ ವರ್ಷದಲ್ಲಿ ಸಾವು, ಹೀಗೆ ಒಂದು ಕಾಯಿಲೆ ತುಂಬಿತ್ತು. ಕುಡಿತ, ಚಿಂತೆ, ಅತಿಯಾದ ದುಡಿಮೆ ಎಂದೆಲ್ಲ ಕಾರಣ ಹೇಳುತ್ತಿದ್ದರು. 1913ರಲ್ಲಿ ನೊಗುಚಿ ಮತ್ತು ಮೂರ್ ಇಂಥ ರೋಗಿಗಳ ಮಿದುಳಿನಲ್ಲಿ ಸಿಫಿಲಿಸ್ ರೋಗಾಣುವನ್ನು ತೋರಿಸಿದರು. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೆ ಆ ವಾರ್ಡುಗಳು ಖಾಲಿಯಾದವು.

ಎರಡನೆಯದು ಪೆಲಾಗ್ರ. ಅಮೆರಿಕದ ದಕ್ಷಿಣದಲ್ಲಿ ಮೆಕ್ಕೆಜೋಳವನ್ನೇ ತಿಂದು ಬದುಕುತ್ತಿದ್ದ ಬಡವರಿಗೆ ಚರ್ಮ ಸುಲಿದು, ಭೇದಿಯಾಗಿ, ಕೊನೆಗೆ ಬುದ್ಧಿ ಕೆಡುತ್ತಿತ್ತು. ಇದು ಅಂಟುರೋಗವೆಂದು ಬಹಳ ಮಂದಿ ನಂಬಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯ 1914ರಿಂದ ಅನಾಥಾಶ್ರಮಗಳಲ್ಲೂ ಜಾರ್ಜಿಯದ ಹುಚ್ಚಾಸ್ಪತ್ರೆಯಲ್ಲೂ ಊಟ ಬದಲಾಯಿಸಿ, ಹಾಲು, ಮೊಟ್ಟೆ, ಮಾಂಸ, ಕಾಳು ಕೊಟ್ಟು, ರೋಗ ಬರದಂತೆ ತಡೆದು ತೋರಿಸಿದ. ಕೊರತೆಯಾಗಿದ್ದ ವಸ್ತು ನಯಾಸಿನ್ ಎಂದು ಕಾನ್ರಾಡ್ ಎಲ್ವೆಯೆಮ್ ತೋರಿಸಿದ್ದು 1937ರಲ್ಲಿ. ನಮ್ಮಲ್ಲೂ ಹೈದರಾಬಾದಿನಲ್ಲಿ ಡಾ. ಗೋಪಾಲನ್ ಮತ್ತು ಡಾ. ಶ್ರೀಕಂಠಯ್ಯ ಅವರು ಜೋಳವನ್ನೇ ನಂಬಿದ ದಖ್ಖನಿನ ಬಡವರಲ್ಲಿ ಈ ಕಾಯಿಲೆಯನ್ನು ಅಧ್ಯಯನ ಮಾಡಿ 1960ರಲ್ಲಿ ಪ್ರಕಟಿಸಿದರು. (ನಮ್ಮ ಕೂಟದ ಉತ್ತರ ಕರ್ನಾಟಕದ ಮಿತ್ರರು ಗಾಬರಿಯಾಗಬೇಕಾಗಿಲ್ಲ. ರೊಟ್ಟಿಯ ಜೊತೆ ಬೇಳೆ, ಕಾಳು, ಶೇಂಗಾ ಚಟ್ನಿ, ಮೊಸರು ಇರುವವರೆಗೆ ಭಯವಿಲ್ಲ.) ಹಿಂದಿನ ಕಾಲದ ಬುದ್ಧಿಭ್ರಮಣೆಯಲ್ಲಿ ಒಂದು ಪಾಲು ಬರಿಯ ಹಸಿವಿನ ಫಲ ಎಂಬುದನ್ನು ನೆನೆದಾಗ "ಆ ಕಾಲವೇ ಚೆನ್ನಾಗಿತ್ತು" ಎನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ನಾಡಿನಲ್ಲಿ ಈ ಕಾಯಿಲೆ ಹಳೆಯದೇ ಎಂಬುದಕ್ಕೆ ಸಾಕ್ಷಿ ಬೇಕಾದಷ್ಟಿದೆ. ಚರಕಸಂಹಿತೆ ಉನ್ಮಾದವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ರೋಗವಿಲ್ಲದ ಕಡೆ ವೈದ್ಯರು ವರ್ಗೀಕರಣ ಮಾಡುತ್ತ ಕೂರುವುದಿಲ್ಲ. ಸರ್ಪಗಂಧದ ಬೇರನ್ನು ಹುಚ್ಚಿಗೆ ಕೊಡುವುದು ನಮ್ಮ ಹಳೆಯ ಪದ್ಧತಿ. 1931ರಲ್ಲಿ ಕಲ್ಕತ್ತೆಯ ಸೇನ್ ಮತ್ತು ಬೋಸ್ ಅದರ ಬಗ್ಗೆ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. 1954ರಲ್ಲಿ ಅದನ್ನು ನ್ಯೂಯಾರ್ಕಿನ ಮಾನಸಿಕ ರೋಗಿಗಳಿಗೆ ಕೊಟ್ಟು ನೋಡಿದ ವರದಿ ಬಂತು. "ಹುಚ್ಚು ಬಿಡದೆ ಮದುವೆ ಆಗೋಲ್ಲ, ಮದುವೆ ಆಗದೆ ಹುಚ್ಚು ಬಿಡೋಲ್ಲ" ಎಂಬ ಗಾದೆ ಹುಟ್ಟಿದ್ದು ಫೋನು ಬಂದ ಮೇಲಲ್ಲ. ಬೆಂಗಳೂರಿನ ಹುಚ್ಚಾಸ್ಪತ್ರೆ ಆರಂಭವಾದದ್ದು 1840ರ ದಶಕದ ಕೊನೆಯಲ್ಲಿ. 1925ರಲ್ಲಿ ಮೈಸೂರು ಸರಕಾರ ಅದರ ಹೆಸರನ್ನು ಮಾನಸಿಕ ಆಸ್ಪತ್ರೆ ಎಂದು ಬದಲಾಯಿಸಿತು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಟ್ಟದ ಸಂಸ್ಥೆ ಬಂತು. 1974ರಲ್ಲಿ ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಅದೇ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನೂರು ವಯಸ್ಕರಲ್ಲಿ ಸುಮಾರು 10.6 ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ. ಕಾಯಿಲೆಗೆ ತಕ್ಕಂತೆ ಅವರಲ್ಲಿ ಶೇಕಡಾ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಇಲ್ಲ. ಕೊಟ್ಟಿಗೆಯ ಪಕ್ಕದ ಕೋಣೆ ಇನ್ನೂ ಇದೆ ಎಂದಾಯಿತು.

ಇನ್ನು ಇಂದಿನ ಮಾತು. ಜಗತ್ತಿನಲ್ಲಿ 1990ರಲ್ಲಿ ಸುಮಾರು 65 ಕೋಟಿ ಇದ್ದ ಮಾನಸಿಕ ರೋಗಿಗಳು 2019ರಲ್ಲಿ 97 ಕೋಟಿ ಆದರು ಎಂದು ಅಂದಾಜು. ಆದರೆ ಜನಸಂಖ್ಯೆಯನ್ನೂ ವಯಸ್ಸನ್ನೂ ಹೊಂದಿಸಿ ನೋಡಿದರೆ ಪ್ರಮಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆದರೂ ಊಟದ ಸಾಲಿನ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕಿದರೆ ನಾನು ಪ್ರಾಮಾಣಿಕನಾಗುವುದಿಲ್ಲ. ಅಮೆರಿಕದ ಹೈಸ್ಕೂಲು ಮಕ್ಕಳಲ್ಲಿ, ವಾರಗಟ್ಟಲೆ ದುಃಖ ಅಥವಾ ನಿರಾಶೆ ಕಾಡಿತು ಎಂದವರು 2011ರಲ್ಲಿ ಶೇಕಡಾ 28 ಇದ್ದದ್ದು 2021ರಲ್ಲಿ 42 ಆಗಿದೆ. ಇಲ್ಲಿ ಕೇಳಿದ ಪ್ರಶ್ನೆಯೂ ಅದೇ, ಕೇಳಿದ ರೀತಿಯೂ ಅದೇ. ಹೇಳಿಕೊಳ್ಳುವ ಧೈರ್ಯ ಹೆಚ್ಚಿದೆಯೆಂದು ಸ್ವಲ್ಪ ಕಳೆದರೂ ಇದನ್ನು ಬರಿಯ ಲೆಕ್ಕದ ಆಟವೆಂದು ನಾನು ಹೇಳಲಾರೆ. ವಲಸೆ ಬಂದವರ ವಿಷಯವೂ ಹಾಗೆಯೇ. ಮಿನೆಸೋಟಕ್ಕೆ ಬಂದ ನಾರ್ವೆಯವರಲ್ಲಿ ಊರಿನಲ್ಲೇ ಉಳಿದವರಿಗಿಂತ ಮನೋರೋಗ ಹೆಚ್ಚೆಂದು ಓಡೆಗಾರ್ಡ್ ಎಂಬ ವೈದ್ಯ 1932ರಲ್ಲೇ ಬರೆದಿದ್ದ. ಪರದೇಶದ ಬಾಳು ಮನಸ್ಸಿಗೆ ಹಗುರವಲ್ಲ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗಾಗಿ "ಈಗ ಹೆಚ್ಚೋ, ಆಗ ಹೆಚ್ಚೋ" ಎಂಬುದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಕೆಲವು ಬಗೆ ಹೆಚ್ಚಿವೆ, ಕೆಲವು ನಾಶವಾಗಿವೆ, ಕೆಲವು ಇದ್ದ ಹಾಗೇ ಇವೆ. ಆದರೆ "ನಮ್ಮ ಕಾಲದಲ್ಲಿ ಇರಲೇ ಇಲ್ಲ" ಎಂಬುದಕ್ಕೆ ಉತ್ತರವಿದೆ: ಇತ್ತು, ಎಣಿಸಲಿಲ್ಲ.

ಇದರಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನನಗಾದ ನಷ್ಟವನ್ನು ಹೇಳಿ ಮುಗಿಸುತ್ತೇನೆ. ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ ನನಗೆ ಖಿನ್ನತೆ ಬಂತು. ಆಗ ಅದರ ಹೆಸರು ಗೊತ್ತಿರಲಿಲ್ಲ. ಬೆಳಗ್ಗೆ ಏಳಲಾಗುತ್ತಿರಲಿಲ್ಲ; ಒಂದು ಫ್ಲಾಸ್ಕು ತೊಳೆಯಲು ಅರ್ಧ ದಿನ. ಊರಿಗೆ ಫೋನು ಮಾಡಿ ಅಮ್ಮನಿಗೆ ಸೂಚ್ಯವಾಗಿ ಹೇಳಿದೆ. "ನಮ್ಮ ವಂಶದಲ್ಲೇ ಅಂಥದ್ದು ಇಲ್ಲ ಕಣೋ. ಸರಿಯಾಗಿ ಊಟ ಮಾಡು, ಹೋಗುತ್ತೆ" ಎಂದಳು. ವಂಶದಲ್ಲೇ ಇಲ್ಲದ್ದು ನನಗೆ ಬಂದಿದೆ ಎಂದರೆ ತಪ್ಪು ನನ್ನದೇ, ನಾನೇ ಸೋಮಾರಿ ಎಂದುಕೊಂಡು ಎಂಟು ತಿಂಗಳು ಕಳೆದೆ. ಕೊನೆಗೆ ಜೊತೆಯ ವಿದ್ಯಾರ್ಥಿಯೊಬ್ಬ ಕೈಹಿಡಿದು ವೈದ್ಯರ ಬಳಿಗೆ ಕರೆದುಕೊಂಡು ಹೋದ. ಅಲ್ಲಿ ಕೊಟ್ಟ ಫಾರಂನಲ್ಲಿ "ಕುಟುಂಬದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೆ?" ಎಂಬ ಪ್ರಶ್ನೆಗೆ "ಇಲ್ಲ" ಎಂದು ಬರೆದೆ. ಸುಳ್ಳು ಹೇಳುತ್ತಿದ್ದೇನೆಂದು ನನಗೆ ಅನ್ನಿಸಲೂ ಇಲ್ಲ. ಚಿಕ್ಕಜ್ಜನದು ಕಾಯಿಲೆಯಲ್ಲ, ಗಾಳಿಯಲ್ಲವೆ! ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಚಿಕ್ಕಜ್ಜನಂಥ ಕಾಯಿಲೆ ಮನೆತನದಲ್ಲಿದ್ದವರಿಗೆ ಕೆಲವೊಮ್ಮೆ ಹಿತವಾಗುವುದಿಲ್ಲ, ಆದ್ದರಿಂದಲೇ ವೈದ್ಯರು ಅದನ್ನು ಕೇಳುತ್ತಾರೆ ಎಂದು ನನಗೆ ತಿಳಿದದ್ದು ಆಮೇಲೆ. ಅದೃಷ್ಟವಶಾತ್ ನನಗೇನೂ ಆಗಲಿಲ್ಲ. ಒಂದು ವರ್ಷದಲ್ಲಿ ಸರಿಹೋದೆ.

ಯುಗಾದಿಯ ಮರುವಾರ ಅಮ್ಮನಿಗೆ ಫೋನು ಮಾಡಿ ನೇರವಾಗಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಚಿಕ್ಕಜ್ಜನಿಗೆ ಎಷ್ಟನೆಯ ವಯಸ್ಸಿನಲ್ಲಿ ಶುರುವಾಯಿತು, ಯಾರು ಯಾರು ಮಂತ್ರ ಹಾಕಿದರು, ಎಲ್ಲ ಹೇಳಿದಳು. ಕೊನೆಗೆ, ಕೇಳದಿದ್ದರೂ, ತನ್ನ ದೊಡ್ಡಮ್ಮನೊಬ್ಬಳ ವಿಷಯವನ್ನೂ ಹೇಳಿದಳು. ಅವಳನ್ನು ಬಾವಿಗೆ ಜಾರಿ ಬಿದ್ದಳೆಂದು ನಾವೆಲ್ಲ ನಂಬಿದ್ದೆವು.

ನಮಗೆ ಐದು ವರ್ಷದ ಮಗಳಿದ್ದಾಳೆ. ಮುಂದೆ ಅವಳು ಇಂಥ ಫಾರಂ ತುಂಬುವಾಗ ಸರಿಯಾದ ಉತ್ತರ ಬರೆಯಲಿ ಎಂದು ಈ ಎರಡು ಹೆಸರನ್ನೂ ಒಂದು ಹಾಳೆಯಲ್ಲಿ ಬರೆದು ನಮ್ಮ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ಸದಸ್ಯ ಬಂಧುಗಳೂ ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಹಿರಿಯರ ಹತ್ತಿರ ಕುಳಿತು ಈ ಪ್ರಶ್ನೆ ಕೇಳಬೇಕೆಂದು ನನ್ನ ವಿನಂತಿ. ಮುಂದಿನ ಕೂಟದಲ್ಲಿ ಚಿತ್ರಾನ್ನದ ಸಾಲಿನಲ್ಲಿ ಯಾರಾದರೂ "ನಮ್ಮ ಕಾಲದಲ್ಲಿ ಎಲ್ಲಿತ್ತು?" ಎಂದರೆ ನಾನಂತೂ ಈ ಸಲ ತಲೆಯಾಡಿಸುವುದಿಲ್ಲ. "ನಮ್ಮ ಮನೆಯಲ್ಲೇ ಇತ್ತು ಸ್ವಾಮಿ" ಎನ್ನುತ್ತೇನೆ.